ಕಲೆಯಣ್ಣನ ಮನೆಯ ಪರಿಮಳ

ಬೆಳಿಗ್ಗೆ ಆರೂಮುಕ್ಕಾಲಿಗೆ ಕೆಳಗಿನ ಸೈಕಲ್ ರಿಪೇರಿ ಅಂಗಡಿಯ ಶಟರ್ ಏಳುತ್ತದೆ. ಒಂದೇ ಸಲಕ್ಕೆ ಏಳುವುದಿಲ್ಲ. ಮೊದಲು ಮೊಣಕಾಲಿನವರೆಗೆ ಗರಗರ ಎಂದು ಬಂದು ನಿಲ್ಲುತ್ತದೆ. ಅಂಗಡಿಯವನು ಒಂದು ಬೈಗುಳ ಬೈದ ಮೇಲೆ ಸೊಂಟದವರೆಗೆ. ಒಂದು ಒದೆ ಬಿದ್ದ ಮೇಲೆ ಪೂರ್ತಿ. ಮೇಲಿನ ಮನೆಯಲ್ಲಿ ಕಲೆಯಣ್ಣ ಹಾಸಿಗೆಯಿಂದ ಏಳುವುದೂ ಹೆಚ್ಚುಕಡಿಮೆ ಹೀಗೇ, ಮೂರು ಹಂತದಲ್ಲಿ. ಬೈಗುಳ ಮಾತ್ರ ಕೆಳಗಿನವನದ್ದೇ ಇಬ್ಬರಿಗೂ ಸಾಕಾಗುತ್ತದೆ.

ಎದ್ದವನು ಮುಖ ತೊಳೆಯುವ ಮೊದಲೇ ಹೋಗುವುದು ನಡುಮನೆಯ ಪೂರ್ವದ ಕಿಟಕಿಗೆ. ಅಲ್ಲಿ ಉದ್ದನೆಯ ತಗಡಿನ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ನೀರು ಹೊಯ್ದು, ಅದರ ಮೇಲೆ ಮೂರು ಮಣ್ಣಿನ ಕುಂಡ ಇಟ್ಟಿದ್ದಾನೆ. ಕುಂಡದ ಸುತ್ತ ಬೆರಳು ತೂರುವಷ್ಟು ತೂತು. ಒಳಗೆ ಮಣ್ಣಿಲ್ಲ, ಮರದ ತೊಗಟೆಯ ಚೂರು, ಇದ್ದಿಲು, ಅದನ್ನು ತಬ್ಬಿಕೊಂಡು ಕೂತ ಆರ್ಕಿಡ್. ಕಲೆಯಣ್ಣ ಒಂದೊಂದೇ ಕುಂಡವನ್ನು ಅಂಗೈ ಮೇಲೆ ಎತ್ತಿ ತೂಗುತ್ತಾನೆ. ಹಗುರವಾಗಿದ್ದರೆ ನೀರು, ಭಾರವಾಗಿದ್ದರೆ ನಾಳೆ. ಮೂವತ್ತು ವರ್ಷ ಒದ್ದೆ ಕೋಟು, ಒಣ ಕೋಟು ಎತ್ತಿದ ಕೈಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಅವನ ಕೆಲಸ ಲಾಂಡ್ರಿಯಲ್ಲಿ ಕಲೆ ತೆಗೆಯುವುದು. ಮನೆಯಿಂದ ಎರಡು ಬೀದಿ ದಾಟಿದರೆ ಲಾಂಡ್ರಿ. ಮುಂದೆ ಕೌಂಟರು, ನಡುವೆ ಇಸ್ತ್ರಿಯ ಮೇಜು, ತೀರಾ ಹಿಂದೆ ಕಲೆಯ ಕೋಣೆ. ಅಲ್ಲಿ ಒಂದು ಮೇಜು, ಒಂದು ದೀಪ, ಹದಿನಾಲ್ಕು ಬಾಟಲಿ, ತೆರೆಯಲು ಬಾರದ ಒಂದು ಕಿಟಕಿ. ಮಸಿಗೆ ಒಂದು ಬಾಟಲಿ, ಎಣ್ಣೆಗೆ ಒಂದು, ರಕ್ತಕ್ಕೆ ತಣ್ಣೀರು ಮತ್ತು ತಾಳ್ಮೆ. ಬಟ್ಟೆಗೆ ಚುಚ್ಚಿದ ಚೀಟಿಯಲ್ಲಿ ಕಲೆ ಯಾವುದೆಂದು ಗಿರಾಕಿಗಳು ಬರೆಸಿರುತ್ತಾರೆ. ಅರ್ಧ ಜನ ಸುಳ್ಳು ಬರೆಸುತ್ತಾರೆ. ಕಲೆಯಣ್ಣ ಚೀಟಿ ನೋಡುವುದಿಲ್ಲ, ಕಲೆಯನ್ನೇ ನೋಡುತ್ತಾನೆ. ನೋಡಿದ್ದನ್ನು ಯಾರಿಗೂ ಹೇಳುವುದಿಲ್ಲ. ಅವನಿಗಿಂತ ಹತ್ತು ವರ್ಷ ದೊಡ್ಡವರಾದ ಲಾಂಡ್ರಿಯ ಯಜಮಾನರೂ ಅವನನ್ನು ಅಣ್ಣ ಎನ್ನುವುದು ಈ ಕಾರಣಕ್ಕೇ ಇರಬೇಕು.

ಹದಿನಾಲ್ಕು ಬಾಟಲಿಯ ನಡುವೆ ಮೂವತ್ತು ವರ್ಷ ಕೂತವನ ಮೂಗು ಯಾವತ್ತು ಕೈಬಿಟ್ಟಿತೋ ಅವನಿಗೇ ಗೊತ್ತಿಲ್ಲ. ಗೊತ್ತಾದದ್ದು ಒಂದು ಭಾನುವಾರ, ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆಯೂ ಕಪ್ಪಾಗಿ, ಪಕ್ಕದ ಮನೆಯವರು ಬಾಗಿಲು ಬಡಿದಾಗ. ಕಲೆಯಣ್ಣ ಒಲೆಯಿಂದ ನಾಲ್ಕು ಅಡಿ ದೂರ ಕೂತು ಪೇಪರ್ ಓದುತ್ತಿದ್ದ. "ಏನು ವಿಶೇಷ?" ಎಂದು ಬಂದವರನ್ನು ಕೇಳಿದ.

ಮೂಗು ಹೋದದ್ದು ಅವನಿಗೆ ದೊಡ್ಡ ನಷ್ಟವೆನಿಸಲಿಲ್ಲ. ತನ್ನ ಮೈಯಿಂದ ಬಾಟಲಿಗಳ ವಾಸನೆ ಬರುತ್ತದೆಂಬುದು ಅವನಿಗೆ ಹೊಳೆದಿರಲೂ ಇಲ್ಲ. ಹೆಂಡತಿ ಅವನ ಅಂಗಿಗಳನ್ನು ಮಾತ್ರ ಬೇರೆ ಹಗ್ಗಕ್ಕೆ ಹಾಕುವುದು ಅವಳ ಅಚ್ಚುಕಟ್ಟು ಎಂದುಕೊಂಡಿದ್ದ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ ಉಳಿಯುವುದನ್ನು ಬಹಳ ವರ್ಷ ಜನರ ಒಳ್ಳೆಯತನ ಎಂದುಕೊಂಡಿದ್ದ.

ಆರು ವರ್ಷದ ಹಿಂದೆ ಹೆಂಡತಿಯ ತಂಗಿ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗುವಿಗೆ ನಾಲ್ಕು ವರ್ಷ. ಹೊಸಿಲು ದಾಟಿದ್ದೇ ಮೂಗು ಮುಚ್ಚಿಕೊಂಡು, "ಅಮ್ಮಾ, ಇಲ್ಲಿ ಇಂಜೆಕ್ಷನ್ ಕೊಡ್ತಾರಾ?" ಎಂದು ಕೇಳಿತು. ತಾಯಿ ಅದರ ಬೆನ್ನಿಗೆ ಗುದ್ದಿದಳು. ಎಲ್ಲರೂ ನಕ್ಕರು. ಅವರು ಹೋದ ಮೇಲೆ ಕಲೆಯಣ್ಣ ಹೆಂಡತಿಯನ್ನು ಕೇಳಿದ.

"ಹೌದಾ?"

"ಏನು ಹೌದಾ?"

"ಮಗು ಹೇಳಿದ್ದು."

ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು; ಕಹಿ ಮಾತ್ರೆಯನ್ನು ಕಹಿ ಎಂದು ಹೇಳದೆ ಕೊಟ್ಟು ಅಭ್ಯಾಸ. "ನಮಗೆ ರೂಢಿ ಆಗಿದೆ ಬಿಡ್ರಿ," ಎಂದಳು.

ಆ ಮಾತನ್ನು ಕಲೆಯಣ್ಣ ವಾರವಿಡೀ ಬೆಳಕಿಗೆ ಹಿಡಿದು ನೋಡಿದ. ಅದು ಹೋಗುವ ಕಲೆಯಾಗಿರಲಿಲ್ಲ. ಕೆಲಸ ಬಿಡುವಂತಿರಲಿಲ್ಲ, ಬೇರೆ ಕೆಲಸ ಬರುತ್ತಿರಲಿಲ್ಲ. ಹಾಗಾದರೆ ಮನೆಗೆ ತನ್ನ ಕಡೆಯಿಂದ ಒಂದು ಒಳ್ಳೆಯ ವಾಸನೆಯನ್ನೂ ತಂದು ಹಾಕುವುದೇ ನ್ಯಾಯ ಎಂದುಕೊಂಡ. ಊದಿನಕಡ್ಡಿ ಹಚ್ಚಿದರೆ ಹೆಂಡತಿಗೆ ಕೆಮ್ಮು. ಬಾಟಲಿಯ ಸೆಂಟು ಎಂದರೆ ಮತ್ತೆ ಬಾಟಲಿ. ಮುಂದಿನ ಭಾನುವಾರ ಅವನು ಗಿಡದ ಮೇಷ್ಟ್ರ ಮನೆಗೆ ಹೋದ.

ಗಿಡದ ಮೇಷ್ಟ್ರು ಗಣಿತ ಕಲಿಸಿ ನಿವೃತ್ತರಾದವರು. ತಾರಸಿಯ ಮೇಲೆ ಹಸಿರು ಬಲೆ ಕಟ್ಟಿ ಆರ್ಕಿಡ್ ಬೆಳೆಸಿ ಮಾರುತ್ತಿದ್ದರು. ಹೆಬ್ಬೆರಳಿನಷ್ಟಿದ್ದ ಸಸಿಯೊಂದನ್ನು ತೋರಿಸಿ ಹೇಳಿದರು:

"ಮಣ್ಣಿಗೆ ಹಾಕಿದ್ರೆ ಸಾಯುತ್ತೆ. ನೀರು ಹೆಚ್ಚಾದ್ರೆ ಸಾಯುತ್ತೆ. ಕಡಿಮೆ ಆದ್ರೆ ಸಾಯಲ್ಲ, ಮುನಿಸಿಕೊಳ್ಳುತ್ತೆ. ಪದೇ ಪದೇ ಜಾಗ ಬದಲಾಯಿಸಿದ್ರೆ ಮೊಗ್ಗು ಉದುರಿಸುತ್ತೆ."

"ಹೂ ಯಾವಾಗ ಬಿಡುತ್ತೆ?"

"ಐದಾರು ವರ್ಷ."

"ವಾಸನೆ?"

"ತಾಯಿ ಗಿಡಕ್ಕೆ ಬೊಂಬಾಟಾಗಿದೆ. ಆದ್ರೆ ಇವು ಬೀಜದಿಂದ ಬಂದ ಮಕ್ಕಳು ನೋಡಿ, ಹೀಗೇ ಅಂತ ಹೇಳಕ್ಕಾಗಲ್ಲ. ನಮ್ಮಪ್ಪನಿಗೆ ಐದು ಮಕ್ಕಳು, ಲೆಕ್ಕ ಬಂದದ್ದು ನನಗೊಬ್ಬನಿಗೇ."

ಕಲೆಯಣ್ಣ ಆರು ಸಸಿ ತಂದ. ಒಂದೊಂದಕ್ಕೂ ಲಾಂಡ್ರಿಯ ಚೀಟಿ ಕಟ್ಟಿದ: ಬಂದ ದಿನ, ಗುರುತು, ತಲುಪಿಸಿದ ದಿನ. ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿದರೆ ಬಾಯಾರಿದೆ, ಹಸಿರಾದರೆ ತೃಪ್ತಿಯಾಗಿದೆ ಎಂಬುದನ್ನು ಬೇಗ ಕಲಿತ. ಬೇಸಿಗೆಯಲ್ಲಿ ಕಿಟಕಿಗೆ ಹಳೆಯ ತೆಳು ಪರದೆ ಕಟ್ಟಿದ. ಎಲೆಯ ಸಂದಿನಲ್ಲಿ ಹಿಟ್ಟಿನಂಥ ಹುಳು ಕಂಡಾಗ ಹತ್ತಿಯನ್ನು ಕಡ್ಡಿಗೆ ಸುತ್ತಿ ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದನ್ನೇ ಒರೆಸಿದ. ಆ ದಿನ ಅವನಿಗೆ ಗಿಡ ಸಾಕುವುದು ತನಗೆಂದೇ ಇರುವ ಕೆಲಸ ಎನಿಸಿತು. ಆ ಧೈರ್ಯದಲ್ಲಿ, ಯಾರೋ ಉಡುಗೊರೆ ಕೊಟ್ಟಿದ್ದ ಬೇರೊಂದು ಆರ್ಕಿಡ್‌ನ ಬಿಳಿ ಹೂವಿನ ಮೇಲೆ ನೇರಳೆ ಚುಕ್ಕೆಗಳನ್ನು ಕಂಡು, ಅವನ್ನೂ ಒರೆಸಿದ. ಚುಕ್ಕೆ ಹೋಗಲಿಲ್ಲ. ಹೂ ಹೋಯಿತು. ಅದರ ಜಾತಿಯೇ ಚುಕ್ಕೆಯದ್ದು ಎಂದು ಮೇಷ್ಟ್ರು ಆಮೇಲೆ ಹೇಳಿದರು.

ಆರು ಸಸಿಯಲ್ಲಿ ಮೂರು ಸತ್ತವು. ಸತ್ತವುಗಳ ಚೀಟಿಯಲ್ಲಿ ತಲುಪಿಸಿದ ದಿನವನ್ನು ತುಂಬಿದ.

ಈ ಮನೆಯಲ್ಲಿ ಗಂಡ ಹೆಂಡತಿಯಲ್ಲದೆ ಇನ್ನೊಬ್ಬರಿದ್ದಾರೆ. ಕಲೆಯಣ್ಣನ ದೊಡ್ಡಮ್ಮ, ಅವನ ತಾಯಿಯ ಅಕ್ಕ. ಒಂಬತ್ತು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಲು ಹದಿನೈದು ದಿನಕ್ಕೆಂದು ಬಂದವರು. ಕಣ್ಣು ವಾಸಿಯಾಯಿತು, ಹದಿನೈದು ದಿನ ಇನ್ನೂ ಮುಗಿದಿಲ್ಲ. ಎಂಬತ್ತೊಂದರ ಅವರಿಗೆ ಕಾಲು ಅಷ್ಟಕ್ಕಷ್ಟೇ, ಕಿವಿ ತಮಗೆ ಬೇಕಾದಷ್ಟು. ಮೂಗು ಮಾತ್ರ ಇಡೀ ಬಂಧುಬಳಗದಲ್ಲಿ ಹೆಸರಾದದ್ದು. ಕೆಳಗಿನ ಅಂಗಡಿಗೆ ಬಂದ ಟೈರು ಹೊಸದೋ ಹಳೆಯದೋ ಎಂಬುದನ್ನು ಮೇಲೆ ಕೂತೇ ಹೇಳುತ್ತಾರೆ. ಇಂಥ ಮೂಗು ಮನೆಯಲ್ಲೇ ಇದ್ದೂ ಕಲೆಯಣ್ಣನಿಗೆ ದಕ್ಕುವಂತಿರಲಿಲ್ಲ. ದೊಡ್ಡಮ್ಮ ನಾಲ್ಕು ವರ್ಷದಿಂದ ಅವನೊಂದಿಗೆ ಮಾತು ಬಿಟ್ಟಿದ್ದರು.

ಅದಕ್ಕೆ ಕಾರಣ ಒಂದು ಬಿಳಿ ಉಣ್ಣೆ ಶಾಲು. ದೊಡ್ಡಮ್ಮನ ಪೆಟ್ಟಿಗೆಯಲ್ಲಿ ಅದು ಸದಾ ಮೇಲೇ ಇರುತ್ತಿತ್ತು, ಹೊದೆಯುತ್ತಿದ್ದದ್ದು ಕಡಿಮೆ. ಅದರ ಒಂದು ಮೂಲೆಯಲ್ಲಿ ಅಂಗೈ ಅಗಲದ ನೀಲಿ ಮಸಿ. ಮೂವತ್ತೈದು ವರ್ಷದ ಮಸಿ. ಕಲೆಯಣ್ಣನಿಗೆ ಅದನ್ನು ಕಂಡಾಗಲೆಲ್ಲ ಕೈ ತುರಿಸುತ್ತಿತ್ತು. ಒಂದು ದಿನ ಹೇಳದೆ ಕೇಳದೆ ಶಾಲನ್ನು ಲಾಂಡ್ರಿಗೆ ಒಯ್ದ. ಮೂರು ಬಾಟಲಿ, ಎರಡು ಗಂಟೆ. ಅಷ್ಟು ಹಳೆಯ ಮಸಿ ಉಣ್ಣೆಯಿಂದ ಎಳೆ ಕೆಡದಂತೆ ಬಿಟ್ಟದ್ದನ್ನು ನೋಡಲು ಯಜಮಾನರೇ ಹಿಂದಿನ ಕೋಣೆಗೆ ಬಂದರು. ಅವನು ಜೀವಮಾನದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಅದು.

ಸಂಜೆ ಮಡಿಸಿ ತಂದು ದೊಡ್ಡಮ್ಮನ ಕೈಗಿಟ್ಟ. ಅವರು ಬಿಚ್ಚಿದರು. ಒಂದು ಮೂಲೆ ನೋಡಿದರು, ಇನ್ನೊಂದು ನೋಡಿದರು, ನಾಲ್ಕೂ ನೋಡಿದರು. ಮತ್ತೆ ಮೊದಲನೆಯದಕ್ಕೆ ಬಂದರು. ಆಮೇಲೆ ಎದ್ದು ಒಳಗೆ ಹೋದರು.

"ಅದು ದೊಡ್ಡಪ್ಪನ ಜೇಬಿನ ಪೆನ್ನು ಸೋರಿದ್ದು ಕಣ್ರಿ," ಎಂದು ಹೆಂಡತಿ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು. "ಅವರು ತೀರಿಕೊಂಡ ವರ್ಷದ್ದು. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಚೀಟಿ ಇರಲಿಲ್ಲ.

ಅಂದಿನಿಂದ ದೊಡ್ಡಮ್ಮ ಅವನಿಗೆ ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತಾರೆ. "ಯಾರಾದ್ರೂ ಫ್ಯಾನು ನಿಲ್ಲಿಸಿದ್ರೆ ಪುಣ್ಯ ಬರುತ್ತೆ." ಕಲೆಯಣ್ಣ ಎದ್ದು ನಿಲ್ಲಿಸುತ್ತಾನೆ. ಅವನು ಹೇಳಬೇಕಾದದ್ದನ್ನು ಹೆಂಡತಿಗೆ ಹೇಳುತ್ತಾನೆ, ದೊಡ್ಡಮ್ಮ ಅವಳ ಪಕ್ಕದಲ್ಲೇ ಕೂತಿದ್ದರೂ. "ನನ್ನನ್ನ ಪೋಸ್ಟಾಫೀಸು ಮಾಡ್ಕೊಂಡಿದ್ದೀರಿ ಇಬ್ಬರೂ," ಎನ್ನುತ್ತಾಳೆ ಅವಳು, "ಒಂದು ಸ್ಟಾಂಪೂ ಹಚ್ಚಲ್ಲ."

ಕ್ಷಮೆ ಕೇಳಬೇಕೆಂದು ಕಲೆಯಣ್ಣ ಹಲವು ಸಲ ವಾಕ್ಯ ಕಟ್ಟಿದ್ದಾನೆ. ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಆ ಕೆಲಸ ಎಷ್ಟು ಚೆನ್ನಾಗಿ ಆಗಿತ್ತು ಎಂಬುದು ನಡುವೆ ನುಗ್ಗಿಬಿಡುತ್ತಿತ್ತು.

ಈ ವರ್ಷ, ಉಳಿದ ಮೂರರಲ್ಲಿ ನಡುವಿನ ಕುಂಡದ ಗಿಡ ಎಲೆಯ ಬುಡದಿಂದ ಒಂದು ಹಸಿರು ಲಕೋಟೆಯಂಥದ್ದನ್ನು ಹೊರಗೆ ಹಾಕಿತು. ಬೆಳಕಿಗೆ ಹಿಡಿದರೆ ಒಳಗೆ ಎರಡು ಮೊಗ್ಗಿನ ನೆರಳು ಕಂಡವು. ಕಲೆಯಣ್ಣ ಎರಡು ತಿಂಗಳು ಆ ಕುಂಡವನ್ನು ತೂಗಲೂ ಎತ್ತಲಿಲ್ಲ. ಬೆರಳಿನಿಂದ ತೊಗಟೆ ಮುಟ್ಟಿ ನೀರು ಕೊಟ್ಟ. ಒಂದು ಸೋಮವಾರ ಸಂಜೆ ಮನೆಗೆ ಬಂದಾಗ ಹೂ ಬಿಟ್ಟಿತ್ತು. ಎರಡು ಹೂ, ಒಂದೊಂದೂ ಅಂಗೈ ಅಗಲ, ತಿಳಿ ನೇರಳೆ, ಗಂಟಲಿನಲ್ಲಿ ಹಳದಿ. ಆರು ವರ್ಷದ ಕಾಯುವಿಕೆಯ ಎದುರು ಅವನು ಚಪ್ಪಲಿ ಬಿಚ್ಚದೆ ನಿಂತ.

"ಏ, ಬಾ ಇಲ್ಲಿ. ಮೂಸು."

ಹೆಂಡತಿ ಕೈ ಒರೆಸಿಕೊಂಡು ಬಂದು ಬಗ್ಗಿದಳು. ಕಲೆಯಣ್ಣ ಅವಳ ಭುಜಕ್ಕೆ ತಾಗಿ ನಿಂತ.

"ಏನಾದ್ರೂ?"

"ಇಲ್ಲ."

"ಇನ್ನೂ ಹತ್ತಿರ ಹೋಗು."

"ಇನ್ನು ಹತ್ತಿರ ಹೋದ್ರೆ ಹೂವನ್ನ ಮೂಗಿಗೇ ಮುಡಿದ ಹಾಗಾಗುತ್ತೆ ಕಣ್ರಿ. ಬರ್ತಿಲ್ಲ."

ಮಂಗಳವಾರ ಸಂಜೆ ಮತ್ತೆ ಮೂಸಿಸಿದ. ಇಲ್ಲ. ಹೆಂಡತಿಯ ಮೂಗಿನ ಮೇಲೇ ಅನುಮಾನ ಬಂದು ಕೆಳಗಿನ ಸೈಕಲ್ ಅಂಗಡಿಯವನನ್ನು ಕರೆದ. ಅವನು ಕೈ ಹಿಂದೆ ಕಟ್ಟಿಕೊಂಡು, ಗೌರವದಿಂದ ಬಗ್ಗಿ, ಬಹಳ ಹೊತ್ತು ಉಸಿರೆಳೆದ.

"ಗ್ರೀಸ್ ವಾಸನೆ ಬರ್ತಿದೆ ಅಣ್ಣ."

"ಹೂವಿಂದಾ?"

"ಇಲ್ಲ, ಅದು ನಂದೇ ಇರಬೇಕು. ಇನ್ನೊಂದು ಬರ್ತಿದೆ, ಅದು..." ಎಂದು ಕಲೆಯಣ್ಣನ ಕಡೆ ನೋಡಿ, "ಹೂ ನೋಡಕ್ಕೆ ಮಾತ್ರ ಭಾರಿ ಚೆನ್ನಾಗಿದೆ," ಎಂದು ಇಳಿದು ಹೋದ.

ಇದರ ನಡುವೆ ಇನ್ನೊಂದು ತೊಂದರೆ ಶುರುವಾಯಿತು. ದೊಡ್ಡಮ್ಮನದೊಂದು ಬೆತ್ತದ ಕುರ್ಚಿ. ಒಂಬತ್ತು ವರ್ಷದಿಂದ ಅದರ ಜಾಗ ಒಳಗೋಡೆಯ ಬದಿಗೆ, ರೇಡಿಯೋ ಪಕ್ಕ. ಮಂಗಳವಾರ ಸಂಜೆ ಕಲೆಯಣ್ಣ ಬಂದಾಗ ಅದು ಕಿಟಕಿಯ ಹತ್ತಿರ, ಕುಂಡಕ್ಕೆ ಒಂದಡಿ ದೂರದಲ್ಲಿತ್ತು. ಹೂವಿಗೆ ತಾಗಿದರೆ? ಅವನು ಕುರ್ಚಿಯನ್ನು ಎತ್ತಿ ಅದರ ಜಾಗಕ್ಕಿಟ್ಟ. ಬುಧವಾರ ಸಂಜೆ ಮತ್ತೆ ಕಿಟಕಿಯ ಹತ್ತಿರ. ಮತ್ತೆ ಎತ್ತಿಟ್ಟ.

"ಈ ಮನೇಲಿ ಕುರ್ಚಿಗೂ ಕಾಲು ಬಂದಿದೆ," ಎಂದರು ದೊಡ್ಡಮ್ಮ, ಗೋಡೆಗೆ.

"ಗಿಡದ ಹತ್ರ ಸಾಮಾನು ಎಳೆದಾಡಿದ್ರೆ ಹೂವು ಕೆಡುತ್ತೆ ಅಂತ ಹೇಳು," ಎಂದ ಕಲೆಯಣ್ಣ, ಹೆಂಡತಿಗೆ.

"ಕೇಳಿಸ್ತಲ್ಲ ದೊಡ್ಡಮ್ಮ?" ಎಂದಳು ಹೆಂಡತಿ. ಆಮೇಲೆ ಏನೋ ಹೊಳೆದವಳಂತೆ, "ನಿಮ್ಮ ಮೂಗಿಗೇನಾದ್ರೂ ಬರುತ್ತಾ ನೋಡಿದ್ರಾ?" ಎಂದು ಕೇಳಿದಳು.

"ಬೇಕಾದೋರು ಬಂದು ಕೇಳಲಿ. ನನಗೂ ಬಾಯಿದೆ."

ಬೇಕಾದವನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದ. ಕೇಳಬಹುದಿತ್ತು. ಆದರೆ ನಾಲ್ಕು ವರ್ಷದ ಮೇಲೆ ಆಡುವ ಮೊದಲ ಮಾತು ಶಾಲಿನದ್ದಾಗಿರಬೇಕು, ಹೂವಿನದ್ದಲ್ಲ ಎಂದು ಅವನಿಗೆ ತೋರಿತು. ಶಾಲಿನ ಮಾತು ಇನ್ನೂ ತಯಾರಾಗಿರಲಿಲ್ಲ. ಅವನು ಬಾಗಿಲ ಹಿಂದಿನ ಮೊಳೆಗೆ ಚೀಲ ತಗುಲಿಸಿ ಕೈಕಾಲು ತೊಳೆಯಲು ಹೋದ.

ಗುರುವಾರ ಸಂಜೆಯೂ ಹೂವು ಮೌನವಾಗಿತ್ತು, ಕುರ್ಚಿ ಕಿಟಕಿಯ ಹತ್ತಿರವಿತ್ತು. ಕಲೆಯಣ್ಣ ಮೇಷ್ಟ್ರಿಗೆ ಫೋನ್ ಮಾಡಿದ.

"ನಾಲ್ಕು ದಿನ ಆಯ್ತಾ? ಹಾಗಾದ್ರೆ ಬರಲ್ಲ ಬಿಡಿ," ಎಂದರು ಮೇಷ್ಟ್ರು. "ನಾನು ಹೇಳಿರಲಿಲ್ವಾ, ಐದು ಮಕ್ಕಳಲ್ಲಿ ಒಬ್ಬನಿಗೇ ಲೆಕ್ಕ ಅಂತ. ಒಂದು ಕೆಲಸ ಮಾಡೋಣ. ಹಲ್ಲಿನ ಡಾಕ್ಟರೊಬ್ಬರು ಕೇಳ್ತಿದ್ದಾರೆ, ಕಾಯೋ ಕೋಣೆಗೆ ಇಡಕ್ಕೆ. ಹೂವು ದೊಡ್ಡದಿರಬೇಕು, ವಾಸನೆ ಇರಬಾರದು. ಜನ ಮೊದಲೇ ಹೆದರಿಕೊಂಡು ಕೂತಿರ್ತಾರೆ, ಅದರ ಮೇಲೆ ವಾಸನೆ ಬೇರೆ ಯಾಕೆ ಅಂತಾರೆ. ಅದನ್ನ ಅವರಿಗೆ ಕೊಟ್ಟುಬಿಡಿ. ಬದಲಿಗೆ ನಾನೊಂದು ಕೊಡ್ತೀನಿ. ತಾಯಿ ಗಿಡದಿಂದ್ಲೇ ಬಿಡಿಸಿದ್ದು, ವಾಸನೆ ಖಾತ್ರಿ. ಮೂರು ವರ್ಷ ಕಾದ್ರೆ ಸಾಕು."

ಮೂರು ವರ್ಷಕ್ಕೆ ಕಲೆಯಣ್ಣನಿಗೆ ಅರವತ್ತು. ಆಗ ಲಾಂಡ್ರಿ ಬಿಡುತ್ತಾನೆ. ಲಾಂಡ್ರಿಯ ವಾಸನೆ ಮನೆಯಿಂದ ಹೋದ ಒಂದೆರಡು ವಾರಕ್ಕೆ ಸುವಾಸನೆ ಬರುತ್ತದೆ. ಅವನು ಬೆರಳು ಮಡಿಚಿ ಎಣಿಸಿ, "ಆಗಲಿ," ಎಂದ.

"ನಾಳೆ ಹನ್ನೊಂದಕ್ಕೆ ನಿಮ್ಮ ಕಡೆ ಬರ್ತೀನಿ. ಮನೇಲಿರಿ."

ಫೋನಿಟ್ಟಾಗ ದೊಡ್ಡಮ್ಮ ರೇಡಿಯೋದ ದನಿ ಜೋರು ಮಾಡಿದರು. ಅದರಲ್ಲಿ ಆಗ ಬರುತ್ತಿದ್ದದ್ದು ನಾಳೆಯ ಹವಾಮಾನ.

ಶುಕ್ರವಾರ ಹತ್ತು ಗಂಟೆಗೆ ಕಲೆಯಣ್ಣ ಕೈ ತೊಳೆದು ಯಜಮಾನರ ಮುಂದೆ ನಿಂತ. ಅವರು ಟೋಕನ್ ಜೋಡಿಸುತ್ತಿದ್ದರು.

"ಒಂದೂವರೆ ಗಂಟೆ ಪರ್ಮಿಷನ್ ಬೇಕಿತ್ತು."

ಯಜಮಾನರು ಕನ್ನಡಕ ಮೇಲೇರಿಸಿದರು. ಮೂವತ್ತು ವರ್ಷದಲ್ಲಿ ಈ ಮನುಷ್ಯ ನಡುಹೊತ್ತಿನಲ್ಲಿ ಮನೆಗೆ ಹೋದದ್ದಿಲ್ಲ. "ಯಾಕೆ, ಯಾರಿಗಾದ್ರೂ ಹುಷಾರಿಲ್ವಾ?"

"ಹುಷಾರಾಗಿದ್ದಾರೆ. ಕುರ್ಚಿ ಸರಿಸ್ತಿದ್ದಾರೆ."

"ಯಾರು?"

"ದೊಡ್ಡಮ್ಮ."

"ಎಲ್ಲಿಗೆ?"

"ಕಿಟಕಿ ಹತ್ರ."

ಇಸ್ತ್ರಿ ಮಾಡುತ್ತಿದ್ದ ಅಕ್ಕ ಪೆಟ್ಟಿಗೆ ಎತ್ತಿ ಹಿಡಿದು ಕಿವಿ ಕೊಟ್ಟಳು.

"ಹೋಗಿ ಬನ್ನಿ ಕಲೆಯಣ್ಣ," ಎಂದರು ಯಜಮಾನರು. "ಇಂಥದ್ದನ್ನೆಲ್ಲ ಬೆಳೆಯೋಕೆ ಬಿಡಬಾರದು."

ಮೇಷ್ಟ್ರು ಬರುವುದು ಹನ್ನೊಂದಕ್ಕೆ. ಹತ್ತೂಕಾಲಿಗೇ ಮನೆ ತಲುಪಿ ಕುರ್ಚಿಯನ್ನು ಕೈಯಾರೆ ಹಿಡಿಯಬೇಕೆಂಬುದು ಕಲೆಯಣ್ಣನ ಲೆಕ್ಕ. ಹೂವು ಇವತ್ತು ಹೋಗುತ್ತದೆ, ನಿಜ. ಆದರೆ ಮುಂದಿನ ಗಿಡಕ್ಕೂ ಈ ಕುರ್ಚಿ ಗಂಟು ಬೀಳಬಾರದು. ಬೀದಿಯಲ್ಲಿ ಹತ್ತು ಗಂಟೆಯ ಬಿಸಿಲು ಇಷ್ಟು ಅಗಲವಾಗಿ ಬೀಳುತ್ತದೆಂದು ಅವನು ಮರೆತೇಹೋಗಿದ್ದ. ಒಣಗಲು ಹಾಕಿದ ಬಟ್ಟೆಗಳು, ಅರ್ಧ ತೆರೆದ ಬಾಗಿಲುಗಳು, ಒಳಗಿನಿಂದ ಒಗ್ಗರಣೆಯ ಚಟಪಟ. ದಿನವೂ ಅವನಿಲ್ಲದಾಗ ನಡೆಯುತ್ತಿದ್ದ ಒಂದು ಊರು.

"ಏನಣ್ಣ, ಲಾಂಡ್ರಿ ಮುಚ್ಚಿದ್ರಾ?" ಎಂದ ಸೈಕಲ್ ಅಂಗಡಿಯವನು.

ಕಲೆಯಣ್ಣ ಬಾಯಿಯ ಮೇಲೆ ಬೆರಳಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಮೆಟ್ಟಿಲು ಹತ್ತಿದ. ಹದಿನಾರು ಮೆಟ್ಟಿಲು. ಏಳನೆಯದು ಕಿರುಗುಟ್ಟುತ್ತದೆ, ಅದನ್ನು ದಾಟಿ ಎಂಟನೆಯದಕ್ಕೆ ಕಾಲಿಟ್ಟ. ಒಂದು ಸದ್ದೂ ಆಗಲಿಲ್ಲ.

"ಯಾರೋ ಬರ್ತಿದ್ದಾರೆ," ಎಂದು ಒಳಗಿನಿಂದ ದನಿ ಬಂತು. "ಸಮಯ ನೋಡ್ಕೊಂಡೇ ಬರ್ತಾರೆ. ಇದ್ದದ್ದೂ ಹೋಯ್ತು."

ಬಾಗಿಲು ತೆರೆದೇ ಇತ್ತು. ಬೆತ್ತದ ಕುರ್ಚಿ ಕಿಟಕಿಯ ಹತ್ತಿರವಿತ್ತು, ಆದರೆ ಕುಂಡಕ್ಕೆ ತಾಗದಂತೆ ಅಳೆದು ಇಟ್ಟ ಹಾಗೆ. ದೊಡ್ಡಮ್ಮ ಕನ್ನಡಕ ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಗಲ್ಲ ತುಸು ಮೇಲೆತ್ತಿ ಕೂತಿದ್ದರು. ಬಿಸಿಲು ಕಿಟಕಿಯ ಸರಳು ದಾಟಿ ಹೂವಿನ ಮೇಲೆ ಬಿದ್ದಿತ್ತು. ತಿಳಿ ನೇರಳೆ ದಳದ ನರಗಳೆಲ್ಲ ಕಾಣುತ್ತಿದ್ದವು.

ಕಲೆಯಣ್ಣ ದಾರಿಯುದ್ದಕ್ಕೂ ಕುರ್ಚಿಯ ಬಗ್ಗೆ ಒಂದು ಮಾತು ಸಿದ್ಧ ಮಾಡಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಬೇರೆ.

"ಏನು ಹೋಯ್ತು?"

ದೊಡ್ಡಮ್ಮ ಕಣ್ಣು ತೆರೆದರು. "ನನ್ನನ್ನಾ ಕೇಳಿದ್ದು?"

"ಇಲ್ಲಿ ಇನ್ಯಾರಿದ್ದಾರೆ ದೊಡ್ಡಮ್ಮ?"

"ಇಷ್ಟು ದಿನ ಗೋಡೆ ಇತ್ತಲ್ಲ."

ಕಲೆಯಣ್ಣ ಚಪ್ಪಲಿಯನ್ನು ಕೆಳಗಿಟ್ಟ. ಆಡಿ ಆಗಿತ್ತು, ಇನ್ನು ಮೊದಲ ಮಾತು ಯಾವುದಾಗಬೇಕೆಂಬ ಯೋಚನೆ ಉಳಿದಿರಲಿಲ್ಲ.

"ಹೂವಿಗೆ ವಾಸನೆ ಇದೆಯಾ?"

"ಹತ್ತು ಗಂಟೆಗೆ ಬಿಸಿಲು ಆ ಮೂರನೇ ಸರಳಿಗೆ ಬರುತ್ತೆ. ಆವಾಗ ಶುರು ಆಗುತ್ತೆ. ಹನ್ನೊಂದೂವರೆಗೆ ಗಂಟುಮೂಟೆ ಕಟ್ಟುತ್ತೆ. ನೀವೆಲ್ಲ ದೀಪ ಹಚ್ಚೋ ಹೊತ್ತಿಗೆ ಬಂದು ಮೂಸಿದ್ರೆ ಏನು ಬರುತ್ತೆ? ಬಾಗಿಲು ಹಾಕಿದ ಅಂಗಡಿ ಮುಂದೆ ನಿಂತು ಸಾಮಾನು ಕೇಳಿದ ಹಾಗೆ."

"ಸೋಮವಾರದಿಂದ್ಲಾ?"

"ಮಂಗಳವಾರದಿಂದ."

"ಹೇಳಲೇ ಇಲ್ಲ."

"ನೀನು ಕೇಳಿದ್ಯಾ?"

ಕೆಳಗೆ ಯಾರದೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು. ಕಲೆಯಣ್ಣ ಗೋಡೆಯನ್ನು ನೋಡಿದ. ಅದು ಸಹಾಯಕ್ಕೆ ಬರಲಿಲ್ಲ.

"ನೀವು ಹೇಳಲ್ಲ ಅಂದ್ಕೊಂಡೆ. ಶಾಲಿನ..."

"ಶಾಲಿನದ್ದು ಬೇರೆ, ಹೂವಿನದ್ದು ಬೇರೆ," ಎಂದರು ದೊಡ್ಡಮ್ಮ. "ಶಾಲಿಗೆ ನಿನ್ನ ಮೇಲೆ ಕೋಪ ಇನ್ನೂ ಇದೆ. ಇರುತ್ತೆ. ಅದಕ್ಕೆ ಹೂವೇನು ಮಾಡಿದೆ ಪಾಪ?"

ಇದು ಅವನಿಗೆ ಸರಿ ಎನಿಸಿತು. ಒಂದು ಬಟ್ಟೆಯ ಕಲೆಗೆ ಇನ್ನೊಂದು ಬಟ್ಟೆಯನ್ನು ಒಗೆಯುವ ಪದ್ಧತಿ ಲಾಂಡ್ರಿಯಲ್ಲೂ ಇಲ್ಲ.

"ಹೇಗಿದೆ?" ಎಂದ. "ವಾಸನೆ."

ದೊಡ್ಡಮ್ಮ ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಬಹಳ ದಿನ ಮುಚ್ಚಿಟ್ಟ ಟ್ರಂಕು ತೆಗೆದ ಹಾಗೆ," ಎಂದರು. "ಒಳ್ಳೇ ಟ್ರಂಕು. ಒಳಗೆ ಯಾರೋ ನಿಂಬೆಹಣ್ಣಿನ ಸಿಪ್ಪೆ ಇಟ್ಟು ಮರೆತಿದ್ದಾರೆ. ಆಮೇಲೆ ಸ್ವಲ್ಪ ಸಕ್ಕರೆ, ತಳದಲ್ಲಿ. ಮೂಗಿಗೆ ಬಡಿಯಲ್ಲ. ತಾನೇ ಬಂದು ಪಕ್ಕದಲ್ಲಿ ಕೂತ್ಕೊಳುತ್ತೆ."

ಕಲೆಯಣ್ಣ ಅದನ್ನೆಲ್ಲ ಮನಸ್ಸಿನಲ್ಲೇ ಒಂದು ಚೀಟಿಯ ಮೇಲೆ ಬರೆದುಕೊಂಡ. ಆರು ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆ ಇನ್ನೂ ಉಳಿದಿತ್ತು. ಅದನ್ನು ಕೇಳುವಾಗ ಅಂಗಿಯ ಗುಂಡಿಯನ್ನು ಹಿಡಿದುಕೊಂಡಿದ್ದ.

"ನನ್ನ ವಾಸನೆ... ಅದರಲ್ಲಿ ಮುಚ್ಚಿ ಹೋಗುತ್ತಾ?"

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು. ನಾಲ್ಕು ವರ್ಷದಲ್ಲಿ ಅವನ ಕೂದಲು ತುಸು ಬೆಳ್ಳಗಾಗಿತ್ತು, ಕಿವಿಯ ಹತ್ತಿರ.

"ನೀನು ಎದುರಿಗಿದ್ರೆ ಇಲ್ಲ," ಎಂದರು. "ನೀನಿದ್ರೆ ನಿನ್ನದೇ ಗೆಲ್ಲುತ್ತೆ. ಮೆಟ್ಟಿಲು ಹತ್ತುವಾಗ್ಲೇ ಗೆದ್ದಾಯ್ತು. ಆದ್ರೆ ನೀನು ಹೋಗಿ ಎರಡು ಗಂಟೆ ಆದ ಮೇಲೆ, ಹತ್ತರಿಂದ ಹನ್ನೊಂದೂವರೆ, ಈ ಮನೆ ಯಾರೋ ದೊಡ್ಡ ಮನುಷ್ಯರ ಮನೆ ಥರ ಇರುತ್ತೆ."

"ದಿನಾ?"

"ದಿನಾ."

"ನಾನಿಲ್ಲದಾಗ."

"ನೀನಿಲ್ಲದಾಗ್ಲೇ."

ದಿನಕ್ಕೆ ಒಂದೂವರೆ ಗಂಟೆ. ಕಲೆಯಣ್ಣ ಇದನ್ನು ಸ್ವಲ್ಪ ಹೊತ್ತು ತೂಗಿ ನೋಡಿದ. ಕಡಿಮೆಯೇನಲ್ಲ. ಮಂಗಳವಾರ, ಬುಧವಾರ, ಗುರುವಾರ, ಅವನು ಹಿಂದಿನ ಕೋಣೆಯಲ್ಲಿ ಯಾರದೋ ಕಾಲರಿನ ಮೇಲೆ ಬಗ್ಗಿ ಕೂತಿದ್ದಾಗ, ಎರಡು ಬೀದಿಯಾಚೆ ಅವನ ಮನೆಯಲ್ಲಿ ಒಳ್ಳೆಯ ವಾಸನೆ ಇತ್ತು. ಅವನಿಗೆ ಒಂದು ಚೂರೂ ಗೊತ್ತಿರಲಿಲ್ಲ.

ಹೇಳಿದ ಹೊತ್ತಿಗಿಂತ ಮೊದಲೇ ಹೊರಗೆ ಸ್ಕೂಟರ್ ನಿಂತಿತು. "ಕಲೆಯಣ್ಣಾ!" ಎಂದು ಮೇಷ್ಟ್ರ ದನಿ, ಕೊನೆಯ ಬೆಂಚಿಗೆ ಕೇಳಿಸುವಂತೆ. "ಗಿಡ ತಂದಿದ್ದೀನಿ! ನಿಮ್ಮದು ತನ್ನಿ, ಡಾಕ್ಟರು ಕಾಯ್ತಿದ್ದಾರೆ!"

ದೊಡ್ಡಮ್ಮ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. "ಕೊಡ್ತೀಯಾ?"

"ಮಾತು ಕೊಟ್ಟಿದ್ದೀನಿ."

"ವಾಸನೆ ಇಲ್ಲ ಅಂತ ತಾನೇ ಕೊಟ್ಟಿದ್ದು?"

"ಹೌದು."

"ಇದೆ ಅಂತಿದ್ದೀನಲ್ಲ. ನಂಬಲ್ವಾ?"

ಅವನಿಗೆ ಪರೀಕ್ಷೆ ಮಾಡಲು ಬೇರೆ ದಾರಿಯಿರಲಿಲ್ಲ. ಅವನು ಹೂವಿನ ಕಡೆ ಬಗ್ಗಿದ. ಮೂವತ್ತು ವರ್ಷದ ಖಾಲಿ ಉಸಿರು ಒಳಗೆ ಹೋಗಿ ಹಾಗೇ ಹೊರಗೆ ಬಂತು. "ನಂಬ್ತೀನಿ," ಎಂದ.

"ಹಾಗಾದ್ರೆ ಮೊದಲು ನೀನು ಆಚೆ ಹೋಗು. ಗಂಟೆ ಹತ್ತೂಮುಕ್ಕಾಲು ಆಯ್ತು, ಇರೋ ಅಷ್ಟು ಹೊತ್ತನ್ನೂ ನೀನೇ ತಿಂತಿದ್ದೀಯ."

ಕಲೆಯಣ್ಣ ಹಿಂದೆ ಸರಿದು ಹೊಸಿಲಾಚೆ ನಿಂತ. "ಈಗ?"

"ಇಲ್ಲ."

ನಾಲ್ಕು ಮೆಟ್ಟಿಲು ಇಳಿದ. "ಈಗ?"

"ಇನ್ನೂ ನಿಂದೇ."

ಏಳನೆಯ ಮೆಟ್ಟಿಲು ಕಿರುಗುಟ್ಟಿತು. ಅವನು ಪೂರ್ತಿ ಇಳಿದು ಬೀದಿಗೆ ಬಂದ. ಮೇಷ್ಟ್ರು ಸ್ಕೂಟರಿನ ಮುಂದೆ ಸಣ್ಣ ಕುಂಡವನ್ನು ಎರಡೂ ಕೈಯಲ್ಲಿ ಹಿಡಿದು, ಸೈಕಲ್ ಅಂಗಡಿಯವನು ಪಂಪು ಹಿಡಿದು, ಇಬ್ಬರೂ ಅವನ ಬರಿಗೈಯನ್ನೂ ಬರಿಗಾಲನ್ನೂ ನೋಡಿದರು.

"ಈಗ?" ಎಂದು ಕಲೆಯಣ್ಣ ಕಿಟಕಿಯ ಕಡೆ ಕತ್ತೆತ್ತಿ ಕೂಗಿದ.

ಮೇಲೆ ಬೆತ್ತದ ಕುರ್ಚಿ ಕಿರುಗುಟ್ಟಿತು. ಆಮೇಲೆ, "ಹ್ಞಾಂ," ಎಂದಿತು ಕಿಟಕಿ. "ಬರ್ತಾ ಇದೆ. ಸಣ್ಣಗೆ."

"ಏನು ಬರ್ತಾ ಇದೆ?" ಎಂದರು ಮೇಷ್ಟ್ರು. "ಗಿಡ ಎಲ್ಲಿ?"

"ಗಿಡ ಕೊಡಕ್ಕಾಗಲ್ಲ ಮೇಷ್ಟ್ರೇ, ಡಾಕ್ಟರಿಗೆ ನನ್ನ ಪರವಾಗಿ ಕ್ಷಮೆ ಕೇಳಿ," ಎಂದ ಕಲೆಯಣ್ಣ. ಹೇಳುತ್ತಲೇ ಅವನ ಕಾಲು ಲಾಂಡ್ರಿಯ ಕಡೆಗೆ ಹೊರಟಿತ್ತು. "ನೀವು ಮೇಲೆ ಹೋಗಿ, ದೊಡ್ಡಮ್ಮ ಇದ್ದಾರೆ, ಕೂತು ಮೂಸಿ, ಹನ್ನೊಂದೂವರೆವರೆಗೂ ಇರುತ್ತಂತೆ. ನಾನು ಬರಲ್ಲ, ನಾನು ಬಂದ್ರೆ ಕೆಡುತ್ತೆ. ಸಣ್ಣಗೆ ಅಂದ್ರಲ್ಲ, ಆ ತಿರುವು ದಾಟಿಬಿಟ್ರೆ ಇನ್ನೂ ಸ್ವಲ್ಪ ಜೋರಾಗಿ ಬರುತ್ತೇನೋ," ಎನ್ನುತ್ತ ಬರಿಗಾಲಲ್ಲೇ ತಿರುವು ದಾಟಿದ.